ಕೊಟ್ರಪ್ಪನ ಪಾಳಿ

ಸತ್ತವನ ಕೋಟನ್ನು ಬದುಕಿದವನು ತಂದು ಮುಂದೆ ಹಿಡಿದರೆ ಯಾರ ಎದೆ ಝಲ್ ಎನ್ನುವುದಿಲ್ಲ ಹೇಳಿ? ಗಂಗಾವತಿಯ ಫಕೀರಮ್ಮನ ಟೇಲರಿಂಗ್ ಕ್ಲಾಸಿನಲ್ಲಿ ಅವತ್ತು ಮಶಿನ್‌ಗಳೆಲ್ಲ ಒಮ್ಮೆಲೇ ನಿಂತವು. ಬಾಗಿಲಲ್ಲಿ ತೆಳ್ಳನೆಯ ಹುಡುಗನೊಬ್ಬ ಕೆಂಪು ಕೋಟು ಹಿಡಿದು ನಿಂತಿದ್ದ.

"ಬಗಲಾಗ ಸ್ವಲ್ಪ ಹಿಡೀಬೇಕಿತ್ರಿ. ನಾ ಪಕ್ಕೀರಪ್ಪ, ಇರಕಲ್ಲಗಡದಾಂವ. ಪಂಪಾ ಆರ್ಕೆಸ್ಟ್ರಾಕ್ಕ ಹೊಸದಾಗಿ ಗಿಟಾರ್ ಬಾರಸಾಕ ಬಂದೀನಿ."

ಕೋಟು ಯಾರದೆಂದು ಅಲ್ಲಿ ಹೊಲಿಗೆ ಕಲಿಯುತ್ತಿದ್ದ ಶಂಕ್ರಮ್ಮನಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಅದು ಎಂಬತ್ಮೂರರ ಮಾತು. ಅದಕ್ಕೂ ಮೊದಲು ಆ ಆರ್ಕೆಸ್ಟ್ರಾದಲ್ಲಿ ಹಾಡುವವನು ವಿರುಪಣ್ಣ, ಡ್ರಮ್ಮಿಗೆ ದಾದೇಸಾಬ, ಗಿಟಾರಿಗೆ ಕೊಟ್ರಪ್ಪ. ಮೂವರಲ್ಲಿ ಯಾರು ಛಲೋ ಎಂಬ ಜಗಳಕ್ಕೆ ಊರಲ್ಲಿ ಕೊನೆಯೇ ಇರಲಿಲ್ಲ. ಗಂಡಸರು ಚಹಾದಂಗಡಿಯಲ್ಲಿ ಕಚ್ಚಾಡಿದರೆ ಹುಡುಗಿಯರು ಇಲ್ಲಿ, ಮಶಿನ್ ತುಳಿಯುತ್ತ.

"ದಾದೇಸಾಬ ಕೈ ಹಚ್ಚಿದ್ರ ತೊಟ್ಟಿಲ ಕೂಸು ಸೈತ ಎದ್ದು ಕುಣೀತೈತಿ" ಎನ್ನುವವಳು ಗೆಳತಿ ಗುರುಲಿಂಗಮ್ಮ.

"ನಿಮ್ಮ ದಾದೇಸಾಬ ತಗಡು ಬಡಿಯಾಂವ. ಕೊಟ್ರಪ್ಪ ಒಂದ ತಂತಿ ಮುಟ್ಟಲಿ, ಸಾಕು" ಎನ್ನುವವಳು ಶಂಕ್ರಮ್ಮ. ಇದರ ಮೇಲೆ ಇಬ್ಬರೂ ಮಾತು ಬಿಟ್ಟದ್ದೂ ಉಂಟು.

ಹಿಂದಿನ ವರ್ಷ ಕುಷ್ಟಗಿಯಿಂದ ಕಾರ್ಯಕ್ರಮ ಮುಗಿಸಿ ಬರುವಾಗ ಲಾರಿ ಬಡಿದು ಕೊಟ್ರಪ್ಪ ತೀರಿಕೊಂಡ. ಜಗಳವೂ ಅಲ್ಲಿಗೇ ತೀರಿತು. ಈಗ ಗುರುಲಿಂಗಮ್ಮನೂ ಅವನೇ ಛಲೋ ಎನ್ನುತ್ತಿದ್ದಳು. ಗೆದ್ದೆನೆಂಬ ಸುಖ ಮಾತ್ರ ಶಂಕ್ರಮ್ಮನಿಗೆ ಬರಲಿಲ್ಲ. ಅವನೊಡನೆ ಆಕೆ ಒಂದು ಮಾತಾದರೂ ಆಡಿದವಳಲ್ಲ. ಒಮ್ಮೆ ಸ್ಟೇಜಿನಿಂದ ಕತ್ತೆತ್ತಿ, ಮಾಳಿಗೆಯ ಮೇಲೆ ಕೂತಿದ್ದ ಆಕೆಯನ್ನು ನೋಡಿ ನಕ್ಕಿದ್ದ, ಅಷ್ಟೇ. ಆ ನಗು ಈಗ ಅಡಿಗೆ ಮಾಡುವಾಗ, ಹೊಲಿಯುವಾಗ ಬೆನ್ನ ಹಿಂದೆ ಬಂದು ನಿಲ್ಲುತ್ತಿತ್ತು. ಬಂದ ವರಗಳಿಗೆಲ್ಲ ಒಲ್ಲೆ ಎಂದಳು. "ಮಣ್ಣಾಗ ಹೋದಾಂವನ ಜೋಡಿ ಎಷ್ಟ ದಿನ ಸಂಸಾರ ಮಾಡ್ತೀಯವ್ವ?" ಎಂದು ಅವ್ವ ಬೈದು ಬೈದು ಸೋತಿದ್ದಳು.

ಆರ್ಕೆಸ್ಟ್ರಾದವರೂ ಒಂದು ಪದ್ಧತಿ ಮಾಡಿಕೊಂಡಿದ್ದರು. ಕಡೆಯ ಹಾಡಿನ ನಡುವೆ ಕೊಟ್ರಪ್ಪ ಒಬ್ಬನೇ ನುಡಿಸುತ್ತಿದ್ದ ಪಾಳಿ ಬಂದಾಗ ಎಲ್ಲರೂ ಕೈಬಿಟ್ಟು ಸುಮ್ಮನೆ ನಿಲ್ಲುತ್ತಿದ್ದರು. ಡ್ರಮ್ಮಿಲ್ಲ, ಹಾಡಿಲ್ಲ. ಜನ ಉಸಿರು ಬಿಗಿಹಿಡಿದು ಕೂರುತ್ತಿದ್ದರು. ಆ ಮೌನದಲ್ಲಿ ಶಂಕ್ರಮ್ಮನಿಗೆ ಅವನ ಒಂದೊಂದು ಸ್ವರವೂ ಕೇಳುತ್ತಿತ್ತು, ದೇವರಾಣೆ.

"ಇದನ್ನ ಸಣ್ಣ ಮಾಡಾಕ ಬರಂಗಿಲ್ರಿ" ಎಂದಳು ಶಂಕ್ರಮ್ಮ, ಪಕ್ಕೀರಪ್ಪನ ಕೈಯಿಂದ ಕೋಟು ತೆಗೆದುಕೊಂಡು ಎದೆಗವಚಿ.

"ಯಾಕ್ರಿ?"

"ಅವರ ಅಳತಿ ಹೋಗ್ತೈತಿ."

ಪಕ್ಕೀರಪ್ಪ ಹಣೆಯ ಮೇಲಿನ ಕೂದಲು ಸರಿಸಿ ಆಕೆಯನ್ನು ನೇರ ನೋಡಿದ. "ಹೋದವರ ಅಳತ್ಯಾಗ ಇದ್ದವರು ಹೆಂಗ ಇರಬೇಕ್ರಿ?"

"ಜೋಲು ಬಿಟ್ಕೊಂಡು ತಿರುಗ್ರಿ!"

ಅವನು ಗೊಳ್ಳನೆ ನಕ್ಕುಬಿಟ್ಟ. ಆಕೆಗೂ ನಗು ಬಂತು. ಕಾಣಬಾರದೆಂದು ತಲೆ ತಗ್ಗಿಸಿ ದಾರವನ್ನು ಹಲ್ಲಿನಿಂದ ಕಡಿದಳು.

ಆಮೇಲೆ ಆ ಕೋಟಿನ ಗುಂಡಿಗಳಿಗೆ ಏನು ಬಂತೋ, ವಾರ ವಾರ ಕಿತ್ತು ಬರತೊಡಗಿದವು.

"ನೀವ ಕಿತ್ಕೊಂಡು ಬರ್ತೀರಿ ಹೌದಲ್ರಿ?"

"ಹೌದ್ರಿ" ಎಂದ, ನಾಚಿಕೆಯಿಲ್ಲದೆ. ಸೂಜಿ ಶಂಕ್ರಮ್ಮನ ಬೆರಳಿಗೆ ಚುಚ್ಚಿತು. ಅವನು ಬರುವ ದಿನ ತಾನು ಎಣ್ಣೆ ಹಚ್ಚಿ ಬಿಗಿಯಾಗಿ ಜಡೆ ಹಾಕಿಕೊಳ್ಳುತ್ತೇನೆಂಬುದು ಆಕೆಗೆ ಆಗ ಹೊಳೆಯಿತು. ಹೊಳೆದದ್ದೇ ಹೆದರಿದಳು. ಬೆನ್ನ ಹಿಂದಿನವನಿಗೆ ಏನು ಹೇಳುವುದು?

ಒಂದು ದಿನ ಅವನು ಗುಂಡಿ ಕೀಳದೆ ಬಂದ. ಮುಖ ಬಾಡಿತ್ತು.

"ಶ್ರೀರಾಮನಗರದ್ದ ನನ್ನ ಕಡೀ ಪ್ರೋಗ್ರಾಮ್ರಿ. ಎಷ್ಟ ಬಾರಿಸಿದ್ರೂ ಜನ ನನ್ನ ಪಕ್ಕಕ್ಕ ಕೊಟ್ರಪ್ಪನ್ನ ನೋಡ್ತಾರ. ಅಲ್ಲಿ ಅವನ ಪಾಳಿ ನಾನ ಬಾರಸ್ತೀನಿ. ಬಡದ್ರ ಬಡೀಲಿ. ಮರುದಿನ ಊರಿಗೆ ಹೊಕ್ಕೀನಿ."

"ಬ್ಯಾಡ್ರಿ! ಅದೊಂದು ಬಿಡ್ರಿ ನನಗ!"

ಬಾಯಿ ಜಾರಿತ್ತು. ಅವನು ಕೋಟನ್ನು ಹೆಗಲಿಗೆ ಹಾಕಿಕೊಂಡು ಹೊರಟುಹೋದ.

ಶ್ರೀರಾಮನಗರದಲ್ಲಿ ಚಿಕ್ಕವ್ವನ ಮನೆಯಿತ್ತು. ಅದೇ ನೆಪ ಮಾಡಿ ಶಂಕ್ರಮ್ಮ ಅವ್ವನನ್ನು ಕರೆದುಕೊಂಡು ಹೋದಳು. ಬತ್ತದ ಕಣದಲ್ಲಿ ಸ್ಟೇಜು, ಹೊತ್ತು ಮುಳುಗುವ ಸಮಯ. ಕಡೆಯ ಹಾಡು ಬಂತು. ಡ್ರಮ್ ನಿಂತಿತು. ಜನ ಉಸಿರು ಬಿಗಿಹಿಡಿದರು. ಜೋಲು ಕೋಟಿನ ಪಕ್ಕೀರಪ್ಪ ಮುಂದೆ ಬಂದು ತಂತಿ ಮೀಟಿದ.

"ಏ, ನಿಲ್ಲಸಲೇ!" "ಆಪರಾ!" ಕನ್ನಡದಲ್ಲಿ, ತೆಲುಗಿನಲ್ಲಿ ಬೈಗುಳ ಎದ್ದವು. ಯಾರೋ ಚಪ್ಪಲಿ ಎಸೆದರು. ಒಂದು ಸ್ವರ ತಪ್ಪಿತು, ಆದರೂ ಅವನು ನಿಲ್ಲಿಸಲಿಲ್ಲ. ಶಂಕ್ರಮ್ಮ ಕಣ್ಣು ಮುಚ್ಚಿ ಕೊಟ್ರಪ್ಪನನ್ನು ಹುಡುಕಿದಳು. ಬಾ, ಬೇಗ ಬಾ ಎಂದು ಮನಸ್ಸಿನಲ್ಲೇ ಕರೆದಳು. ಅವನು ಬರಲಿಲ್ಲ. ನಡುಗುವ ಆ ಗಿಟಾರ್ ಒಂದೇ ಕೇಳುತ್ತಿತ್ತು. ಕೊಟ್ರಪ್ಪ ಸತ್ತಿದ್ದಾನೆ ಎಂಬುದು ಆಕೆಗೆ ಅವತ್ತು ತಿಳಿಯಿತು. ಸೆರಗು ಬಾಯಿಗಿಟ್ಟು ಅತ್ತಳು.

ಅತ್ತು, ಹೆಂಗಸರ ನಡುವೆ ಎದ್ದು ನಿಂತಳು. "ಬಾರಸ್ರಿ! ನಿಲ್ಲಸಬ್ಯಾಡ್ರಿ!" ಅವ್ವ ಸೆರಗು ಜಗ್ಗಿದರೂ ಕೂರದೆ ಚಪ್ಪಾಳೆ ತಟ್ಟಿದಳು. ಕಣದ ತುಂಬ ಆ ಒಂದೇ ಚಪ್ಪಾಳೆ.

ಮರುದಿನ ಗಂಗಾವತಿಯ ಬಸ್‌ಸ್ಟ್ಯಾಂಡಿನಲ್ಲಿ ಅವನ ಟ್ರಂಕು ಆಗಲೇ ಬಸ್ಸಿನ ಮೇಲೇರಿತ್ತು. ಶಂಕ್ರಮ್ಮ ಏದುಸಿರು ಬಿಡುತ್ತ ಬಂದು ನಿಂತಳು.

"ನಿನ್ನಿ ಅತ್ತೀರಿ. ಅವರು ನೆನಪಾದ್ರೇನ್ರಿ?" ಎಂದ ಅವನು.

"ಇಲ್ರಿ. ಬರಲೇ ಇಲ್ಲ ಅವರು. ಅದಕ್ಕ ಅತ್ತೆ."

ಕಂಡಕ್ಟರ್ ಸೀಟಿ ಊದಿದ. ಪಕ್ಕೀರಪ್ಪ ಮೆಟ್ಟಿಲ ಮೇಲೆ ಕಾಲಿಟ್ಟು ತಿರುಗಿದ. "ಖರೇ ಹೇಳ್ರಿ. ನಮ್ಮಿಬ್ಬರಾಗ ಯಾರು ಛಲೋ?"

ಒಂದು ಸುಳ್ಳು ಹೇಳಿದ್ದರೆ ಆಗುತ್ತಿತ್ತು. ಹುಡುಗಿಗೆ ಅದು ಬರಲಿಲ್ಲ.

"ಅವರ ಛಲೋ ಬಾರಸ್ತಿದ್ರು" ಎಂದಳು. ಅವನ ಮುಖ ಕಪ್ಪಿಟ್ಟಿತು. "ಆದ್ರ ನನಗ ನೀವು ಬೇಕ್ರಿ."

ಟ್ರಂಕು ಕೆಳಗಿಳಿಸಿ ಎಂದು ಪಕ್ಕೀರಪ್ಪ ಕಂಡಕ್ಟರನಿಗೆ ಕೂಗಿ ಹೇಳಿದ.