ಆಯಿಯ ಸೆರಗು

“ನನ್ನ ಮೊಮ್ಮಗಳ ಕಣ್ಣು ತಗದೀಯಲ್ಲ, ಪಾಪಿ!” ಎಂದವಳೇ ಹೊನ್ನವ್ವ, ಸೊಸೆ ಸುರೇಖಾಳ ಮುಂದಿದ್ದ ಮೆಣಸಿನಕಾಯಿ ಬುಟ್ಟಿಯನ್ನೆತ್ತಿ ಅಂಗಳಕ್ಕೆ ಎಸೆದುಬಿಟ್ಟಳು. ಮೋಟೆಬೆನ್ನೂರಿನ ಆ ಓಣಿಗೆ ಅತ್ತೆ-ಸೊಸೆಯರ ಜಗಳ ಹೊಸದಲ್ಲ. ಆದರೆ ಅತ್ತೆ ಬೈದರೆ ಓಣಿಯೆಲ್ಲ ಸೀನಿದ್ದು ಅದೇ ಮೊದಲು!

“ಬ್ಯಾಡಗಿ ಸಾವ್ಕಾರ್ರ ಕಾಯಿ ಕೂಲಿಗಂತ ಮನಿಗೆ ತಂದು ತೊಟ್ಟು ಮುರಿಯಾಕತ್ತೀದಿ. ಆ ಘಾಟು ಕೂಸಿನ ಕಣ್ಣಿಗೆ ಹೋಗೂದಿಲ್ಲೇನು? ಕೇಳಿದ್ರ, ‘ಹಂಗೇನಿಲ್ಲ ಬಿಡ್ರಿ ಅತ್ತಿ...’ ಅಂತ ರಾಗ ಬ್ಯಾರೆ!” ಸೊಸೆಯ ತೆಳುದನಿಯನ್ನು ಹೊನ್ನವ್ವ ಎಷ್ಟು ಚೆನ್ನಾಗಿ ಅಣಕಿಸಿದಳೆಂದರೆ, ಪಕ್ಕದ ಮನೆಯ ಹಸೀನಾಬಿ ಸೀನುತ್ತಲೇ ನಕ್ಕುಬಿಟ್ಟಳು. ಸುರೇಖಾ ನಗಲಿಲ್ಲ. ಅಳು ನುಂಗಿಕೊಂಡು ಕಾಯಿ ಬಾಚಿದಳು.

ನಾಲ್ಕು ವರ್ಷದ ಮಧು ಹೊಸ್ತಿಲ ಮೇಲೆ ಕಣ್ಣುಜ್ಜುತ್ತ ನಿಂತಿದ್ದಳು. ಗೀಜು ಕಟ್ಟಿ ರೆಪ್ಪೆಗಳು ಅಂಟಿದ್ದವು. “ಬಾ ನನ್ನ ಬಂಗಾರಾ...” ಹೊನ್ನವ್ವ ಸೆರಗಿನ ತುದಿಯಿಂದ ಮೆತ್ತಗೆ ಒರೆಸಿದಳು, ಬೆರಳಿನಿಂದ ಕಾಡಿಗೆ ತೀಡಿದಳು. ಅದೇ ಸೆರಗು, ಅದೇ ಬೆರಳು ತೊಟ್ಟಿಲಲ್ಲಿದ್ದ ಸುರೇಖಾಳ ಎರಡನೇ ಕೂಸಿಗೂ. ಆ ಮನೆಯ ಮಕ್ಕಳೆಲ್ಲ ಬೆಳೆದದ್ದೇ ಆ ಸೆರಗಿನಲ್ಲಿ!

ಅಂದಿನಿಂದ ಕಾಯಿ ಮನೆಯೊಳಗೆ ಬರಲಿಲ್ಲ. ಕಣ್ಣು ಮಾತ್ರ ವಾಸಿಯಾಗಲಿಲ್ಲ. ಕೊನೆಗೆ ತೊಟ್ಟಿಲ ಕೂಸೂ ಕಣ್ಣು ಬಿಡದಾಯಿತು. ಆಗ ಹೊನ್ನವ್ವ ತಾನೇ ಆಸ್ಪತ್ರೆಗೆ ಹೊರಡೋಣವೆಂದಳು. ಮನೆಯಲ್ಲಿ ಕಾಯಿಯೇ ಇಲ್ಲ, ಈ ಕೂಸಿಗೆಲ್ಲಿಯ ಘಾಟು?

ಹಾವೇರಿಯ ಕಣ್ಣಿನ ಡಾಕ್ಟರು ಮಧುವಿನ ರೆಪ್ಪೆ ಮಗುಚಿ ನೋಡಿದರು.

“ಮೆಣಸಿನಕಾಯಿ ಅಲ್ಲ. ಇದು ಒಬ್ಬರಿಂದ ಒಬ್ಬರಿಗೆ ಹತ್ತೋ ಬ್ಯಾನಿ. ನೊಣ ತರತಾವು, ಒರಸೋ ಅರಿವಿ ತರತೈತಿ. ಹಿಂಗ ಬಿಟ್ರ ಮುಂದ ರೆಪ್ಪಿಕೂದಲಾ ಒಳಗ ಮಡಚಿ ಕಣ್ಣು ಗೀರತಾವು, ದೃಷ್ಟೀನ ಹೋಗತೈತಿ. ಮಕ್ಕಳ ಮಾರಿ ಯಾರು ಒರಸ್ತೀರಿ?”

“ನಾನ ರೀ!” ಹೊನ್ನವ್ವ ಹೆಮ್ಮೆಯಿಂದ ಸೆರಗೆತ್ತಿ ತೋರಿಸಿದಳು. “ಇದರಲೇ...”

ಡಾಕ್ಟರು ಸೆರಗಿನ ಮೇಲಿನ ಗೀಜಿನ ಕಲೆಗಳನ್ನೇ ನೋಡಿದರು. ಹೊನ್ನವ್ವನ ಎತ್ತಿದ ಕೈ ತಾನಾಗಿಯೇ ಇಳಿಯಿತು.

“ಕಣ್ಣು... ಉಳಿತಾವೇನ್ರಿ?”

“ಲಗೂ ಬಂದೀರಿ, ಉಳಿತಾವು. ಮುಲಾಮು ಹಚ್ಚರಿ, ಮಾರಿ ನೀರಿನಿಂದ ತೊಳೀರಿ. ಪಾಯಖಾನಿ ಐತೇನು ಮನ್ಯಾಗ?”

ಇತ್ತು. ಸರಕಾರ ಕಟ್ಟಿಸಿಕೊಟ್ಟದ್ದು. ಅದರ ತುಂಬ ಹೊನ್ನವ್ವ ಒಲೆಗೆಂದು ಸಗಣಿಯ ಕುಳ್ಳು ಒಟ್ಟಿದ್ದಳು! ಮಧು ಕಕ್ಕಸಿಗೆ ಕೂರುತ್ತಿದ್ದದ್ದು ಬಾಗಿಲ ಬದಿಯ ತಿಪ್ಪೆಯ ಮೇಲೆ. ನೊಣಗಳಿಗೆ ಅಲ್ಲಿಂದ ತೊಟ್ಟಿಲಿಗೆ ದಾರಿ ದೂರವಿರಲಿಲ್ಲ.

ಬಸ್ಸಿನಲ್ಲಿ ಹೊನ್ನವ್ವ ಕಾದಳು. ಈಗ ಸೊಸೆ ಅಣಕಿಸುತ್ತಾಳೆ, ‘ಆ ಘಾಟು ಕಣ್ಣಿಗೆ ಹೋಗೂದಿಲ್ಲೇನು’ ಅನ್ನುತ್ತಾಳೆ... ಸುರೇಖಾ ಮಾತ್ರ ನಿದ್ದೆಹೋದ ಮಧುವನ್ನು ಅತ್ತೆಯ ಮಡಿಲಿಗೆ ಸರಿಸಿ, “ಹಿಡಕೋರಿ ಅತ್ತಿ, ನನ್ನ ಕೈಯಾಗ ಕೂಸು ಐತಿ” ಎಂದಳಷ್ಟೇ. ಅಣಕಿಸಿದ್ದರೇ ಹಗುರಾಗುತ್ತಿತ್ತು!

ಮನೆಗೆ ಬಂದವಳೇ ಹೊನ್ನವ್ವ ಪಾಯಖಾನೆಯ ಬಾಗಿಲು ತೆಗೆದು ಕುಳ್ಳು ಹೊರಗೆ ಎಸೆಯತೊಡಗಿದಳು. ಸುರೇಖಾಳೂ ಸೀರೆ ಮೇಲೆತ್ತಿ ಕಟ್ಟಿ ಬಂದಳು.

“ನಿನ್ನ ಬುಟ್ಟಿ ಚೆಲ್ಲಿದ್ನಲ್ಲವಾ...”

“ಬರ್ರಿ, ಈಗ ನಿಮ್ಮ ಕುಳ್ಳು ಚೆಲ್ಲತೇನಿ. ಸರಿ ಆಗತೈತಿ.”

ಅಷ್ಟರಲ್ಲಿ ಮಧು ಎಡವಿಬಿದ್ದು ಅಳುತ್ತ ಓಡಿಬಂದಳು. ರೂಢಿಯಂತೆ ಮುಖ ಮೇಲೆತ್ತಿ, ಕಣ್ಣು ಮುಚ್ಚಿ ನಿಂತಳು. ಹೊನ್ನವ್ವನ ಕೈ ಸೆರಗಿಗೆ ಹೋಯಿತು... ಅಲ್ಲೇ ನಿಂತಿತು. ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿದಳು.

“ಸುರೇಖಾ, ನೀರು ಹಾಕವಾ.”

ಕೈ ತೊಳೆದು, ಮೊಮ್ಮಗಳ ಮುಖ ತೊಳೆದಳು.

“ಒರಸು ಆಯಿ!”

“ಬ್ಯಾಡ ಬಂಗಾರಾ. ಗಾಳಿಗೆ ಆರತೈತಿ.”

ಹುಡುಗಿ ಹಸಿಮುಖದಲ್ಲೇ ಆಡಲು ಓಡಿದಳು. ಹೊನ್ನವ್ವ ಗೋಡೆಯ ಕಡೆ ತಿರುಗಿ, ಸಿಕ್ಕಿಸಿದ್ದ ಸೆರಗನ್ನು ಮೆಲ್ಲಗೆ ಬಿಡಿಸಿಕೊಂಡು, ತನ್ನ ಕಣ್ಣು ಒರೆಸಿಕೊಂಡಳು.