ಮುದುಕ ತೋರಿಸಿದ ನಲವತ್ತು ಸೆಕೆಂಡ್

“ನಿಲ್ಸು ಮಾಮ! ಅಲ್ಲೇ ನಿಲ್ಸು!” ಚೋಟಿ ಕೂಗಿದಳು.

ಮಾಮ ಕೀಬೋರ್ಡಿನಿಂದ ಕೈ ಎತ್ತಿ ತೋರಿಸಿದ. “ನಾನೇನು ನಿಲ್ಸೋದು? ಅದಾಗಲೇ ನಿಂತಿದೆ.”

ಪರದೆಯ ಮೇಲೆ ಸ್ಕೂಲಿನ ಗೇಟು ಅರ್ಧ ತೆರೆದಿತ್ತು. ಪಕ್ಕದಲ್ಲಿ ನೀಲಿ ಕೋಟು ಹಾಕಿದ ಚೋಟಿಯ ಅಮ್ಮ. ಅವಳ ಒಂದು ಕೈ ಗೇಟಿನ ಮೇಲಿತ್ತು. ನಲವತ್ತು ಸೆಕೆಂಡ್ ಅವಳು ಹಾಗೆಯೇ ಕಂಬದಂತೆ ನಿಂತಿದ್ದಳು. ಆಮೇಲೆ ಚಿತ್ರ ತಟ್ಟನೆ ಬದಲಾಯಿತು. ಅಮ್ಮ ಇಲ್ಲ. ಗೇಟಿನ ಹೊರಗೆ ರಸ್ತೆಯಲ್ಲಿ ಎಲ್‌ಕೆಜಿಯ ಪುಟ್ಟ ಹುಡುಗ.

ಮುಂದಿನದನ್ನು ಮಾಮ ಹಾಕಲಿಲ್ಲ. ಸ್ಕೂಟರ್ ಬಂದದ್ದು ಇಬ್ಬರಿಗೂ ಗೊತ್ತಿತ್ತು.

ಹುಡುಗನಿಗೆ ನಾಲ್ಕು ದಿನವಾದರೂ ಎಚ್ಚರವಾಗಿರಲಿಲ್ಲ. ದಿನಾ ಬೆಳಿಗ್ಗೆ ಒಳಗೆ ಬರುವಾಗ ಅವನು ಚೋಟಿಯ ಅಮ್ಮನಿಗೆ ಸಲ್ಯೂಟ್ ಹೊಡೆಯುತ್ತಿದ್ದ, ಅದೂ ಎಡಗೈಯಲ್ಲಿ.

ಅಮ್ಮ ಆ ಸ್ಕೂಲಿನ ಗೇಟ್ ಕಾಯುವವಳು. ಮಕ್ಕಳೆಲ್ಲ ಅವಳನ್ನು ಗೇಟಕ್ಕ ಎನ್ನುತ್ತಿದ್ದರು. ಚೋಟಿ ಅದೇ ಸ್ಕೂಲಿನಲ್ಲಿ ಐದನೇ ಕ್ಲಾಸು. ಚೋಟುದ್ದ ಇದ್ದಳೆಂದು ಅವಳಿಗೆ ಆ ಹೆಸರು ಅಂಟಿಕೊಂಡಿತ್ತು.

ಇವತ್ತು ಮೂರು ಗಂಟೆಗೆ ಹೆಡ್ ಮಿಸ್ ರೂಮಿನಲ್ಲಿ ಮೀಟಿಂಗ್. ಹುಡುಗನ ಅಪ್ಪ ಬರುತ್ತಾರೆ. ಗೇಟು ತೆರೆದಿಟ್ಟವರು ಯಾರೆಂದು ಅಲ್ಲಿ ತೀರ್ಮಾನ. ತೀರ್ಮಾನ ಈಗಾಗಲೇ ಆಗಿಹೋಗಿತ್ತು ಅನ್ನಿ. ಗೇಟಿನ ಕ್ಯಾಮೆರಾದ ಈ ವಿಡಿಯೋವನ್ನು ಹೆಡ್ ಮಿಸ್ ನೋಡಿದ್ದರು. ಚೋಟಿಯ ಹಟಕ್ಕೆ ಮಾಮ ಆಫೀಸಿನಿಂದ ಅದರ ಕಾಪಿ ತಂದಿದ್ದ.

“ಮಾಮ, ಗೋಡೆ ಮೇಲಿನ ಕಾಗೆ ನೋಡು,” ಎಂದಳು ಚೋಟಿ. “ಒಂದು ಕಾಲು ಎತ್ಕೊಂಡಿದೆ. ನಲವತ್ತು ಸೆಕೆಂಡೂ ಇಳಿಸೇ ಇಲ್ಲ.”

ಮಾಮ ಮುಂದಕ್ಕೆ ಬಾಗಿದ. ಚೋಟಿ ಪರದೆಗೆ ಬೆರಳಿಟ್ಟಳು.

“ಒಂಟಿ ಕಾಲಲ್ಲಿ ತಪಸ್ಸು ಮಾಡ್ತಿದೆಯಾ ಅದು? ಮೂಲೇಲಿರೋ ಟೈಮೂ ನೋಡು. ಒಂಬತ್ತು ಹತ್ತು, ಇಪ್ಪತ್ತೆರಡು ಸೆಕೆಂಡ್. ಆಗಿಂದ ಅದೇ ಇದೆ. ಆಮೇಲೆ ಒಂದೇ ಸಲ ಒಂಬತ್ತು ಹನ್ನೊಂದಕ್ಕೆ ಹಾರುತ್ತೆ. ಅಮ್ಮ ನಿಂತಿಲ್ಲ ಮಾಮ. ವಿಡಿಯೋ ನಿಂತಿದೆ!”

“ಭಲೇ ಚೋಟಿ,” ಎಂದ ಮಾಮ. ಆದರೆ ಅವನ ಮುಖದಲ್ಲಿ ನಗು ಇರಲಿಲ್ಲ.

ಮಾಮನ ಕೆಲಸವೇ ಅದು. ಹಾಳಾದ ವಿಡಿಯೋಗಳನ್ನು ಸರಿಮಾಡುವುದು. ಅಂಗಡಿ ಎಂದರೆ ಮೆಟ್ಟಿಲ ಕೆಳಗಿನ ಒಂದು ಗೂಡು. ಎರಡು ಮಾನಿಟರ್, ಬಾಗಿಲಿಗೆ ಕಪ್ಪು ಪರದೆ, ಮುಚ್ಚಳ ಬಿಚ್ಚಿಟ್ಟ ಕಂಪ್ಯೂಟರ್. ಅದರ ಫ್ಯಾನು ಇಡೀ ದಿನ ಗೊರಕೆ ಹೊಡೆಯುತ್ತಿತ್ತು.

ಅವನ ಹತ್ತಿರ ಉದ್ದನೆಯ ಒಂದು ನೋಟ್‌ಬುಕ್ ಇತ್ತು. ಅದರಲ್ಲಿ ಅವನು ಡಿಕೋಡರ್‌ಗಳಿಗೆ ಮಾರ್ಕ್ಸ್ ಕೊಡುತ್ತಿದ್ದ. ಸ್ಪಷ್ಟತೆಗೆ ಹತ್ತು, ಬಣ್ಣಕ್ಕೆ ಹತ್ತು, ಓಟಕ್ಕೆ ಹತ್ತು. ವಿಡಿಯೋ ಫೈಲ್ ಎಂದರೆ ಬರೀ ಅಂಕಿಗಳ ಗಂಟು. ಗಂಟು ಬಿಚ್ಚಿ ಚಿತ್ರ ಮಾಡುವ ಪ್ರೋಗ್ರಾಮೇ ಡಿಕೋಡರ್. ಒಂದೇ ಗಂಟನ್ನು ಒಬ್ಬೊಬ್ಬನು ಒಂದೊಂದು ಥರ ಬಿಚ್ಚುತ್ತಾನೆ.

ಮಾಮನ ಬಳಿ ಮೂವರಿದ್ದರು. ಮೇಕಪ್, ಮುಂಗೋಪಿ, ಮುದುಕ. ಹೆಸರಿಟ್ಟವನು ಮಾಮನೇ.

“ಸ್ಕೂಲಲ್ಲಿ ನೋಡಿರೋದು ಮೇಕಪ್‌ನಲ್ಲಿ,” ಎಂದ ಅವನು. “ಇವನಿಗೆ ಯಾವಾಗಲೂ ಫಸ್ಟ್ ರ‍್ಯಾಂಕ್. ಚಿತ್ರ ನೋಡು, ತೊಳೆದಿಟ್ಟ ಹಾಗಿದೆ. ಆದ್ರೆ ಫೈಲ್ ಎಲ್ಲಾದ್ರೂ ಕೆಟ್ಟಿದ್ರೆ ಹೇಳೋದಿಲ್ಲ. ಹಿಂದಿನ ಚಿತ್ರಾನೇ ಹಿಡ್ಕೊಂಡು ಸುಮ್ಮನಿದ್ದುಬಿಡ್ತಾನೆ.”

“ಕಾಪಿ ಹೊಡೀತಾನೆ ಅನ್ನು.”

“ಹೂಂ. ಅಕ್ಷರ ಮುದ್ದಾಗಿದೆ, ಉತ್ತರ ಮಾತ್ರ ಹಿಂದಿನ ಪ್ರಶ್ನೇದು.”

ಮಾಮ ಅದೇ ಫೈಲನ್ನು ಮುಂಗೋಪಿಯಲ್ಲಿ ಹಾಕಿದ. ಗೇಟು ಬಂತು, ಅಮ್ಮ ಬಂದಳು. ಒಂಬತ್ತು ಹತ್ತು ಇಪ್ಪತ್ತೆರಡಕ್ಕೆ ಪರದೆಯೆಲ್ಲ ಹಚ್ಚ ಹಸಿರು. ನಲವತ್ತು ಸೆಕೆಂಡ್ ಬರೀ ಹಸಿರು. ಆಮೇಲೆ ರಸ್ತೆ, ಹುಡುಗ.

“ಇವನಿಗೆ ಗೊತ್ತಿಲ್ಲದಿದ್ರೆ ಗೊತ್ತಿಲ್ಲ ಅಂತಾನೆ,” ಎಂದ ಮಾಮ. “ಇಷ್ಟು ಸಾಕು. ಅಲ್ಲಿ ಚಿತ್ರಾನೇ ಇಲ್ಲ ಅಂತ ತೋರಿಸಬಹುದು.”

“ಸಾಕಾಗಲ್ಲ!” ಚೋಟಿ ಸ್ಟೂಲಿನಿಂದ ಇಳಿದೇಬಿಟ್ಟಳು. “ಅಮ್ಮ ಗೇಟ್ ಹಾಕಿದ್ದು ಕಾಣಬೇಕು. ಚಿಲಕ ಟಕ್ ಅಂದಿದ್ದು ಕೇಳಿದೀನಿ ಅಂತ ಮೊದಲನೇ ದಿನ ಎಷ್ಟು ಸಲ ಹೇಳಿದಾಳೆ. ಹಾಕ್ಬಿಟ್ಟು ಪಂಪ್ ಆನ್ ಮಾಡೋಕೆ ಹೋದೆ ಅಂದಳು. ಆಮೇಲೆ ಯಾಕೋ ಬಾಯೇ ಬಿಡ್ತಿಲ್ಲ. ನಾನು ಹೇಳ್ತೀನಿ ಅಂದ್ರೂ ಬೈತಾಳೆ. ನಿನ್ನ ಹತ್ರಾನೂ ಹೋಗಬೇಡ ಅಂದಿದ್ದಳು.”

“ನನ್ನ ಹತ್ರ? ಯಾಕೆ?”

“ಗೊತ್ತಿಲ್ಲ.”

ಮಾಮ ಗಲ್ಲ ಕೆರೆದುಕೊಂಡ. ಆ ಗೇಟಿನ ಚಿಲಕ ಸೊಟ್ಟಗಾಗಿತ್ತು. ಗೇಟನ್ನು ಒಂಚೂರು ಎತ್ತಿ ತಳ್ಳಿದರೆ ಮಾತ್ರ ಬೀಳುತ್ತಿತ್ತು. ಟಕ್ ಎನ್ನದಿದ್ದರೆ ಬಿದ್ದಿಲ್ಲವೆಂದೇ ಅರ್ಥ. ಇದು ಅಮ್ಮನಿಗೆ ಗೊತ್ತಿತ್ತು, ಚೋಟಿಗೆ ಗೊತ್ತಿತ್ತು. ಹೊಸ ಚಿಲಕ ಹಾಕಿಸಿ ಎಂದು ಅಮ್ಮ ಆಫೀಸಿನಲ್ಲಿ ಎರಡು ಸಲ ಹೇಳಿದ್ದಳು.

“ಮುದುಕನಲ್ಲಿ ಹಾಕು ಮಾಮ.”

“ಮುದುಕನಿಗೆ ಮೂವತ್ತಕ್ಕೆ ಏಳು ಮಾರ್ಕ್ಸ್ ಕಣೇ. ಪಾಸೇ ಆಗಿಲ್ಲ ಅವನು.”

“ಆದ್ರೂ ಹಾಕು.”

ಮುದುಕ ನಿಧಾನ. ಗೇಟು ಕಾಣಿಸಲು ಅರ್ಧ ನಿಮಿಷ ತೆಗೆದುಕೊಂಡ. ಬಣ್ಣ ಮಂಕು, ಅಂಚೆಲ್ಲ ಹಲ್ಲುಹಲ್ಲು. ಒಂಬತ್ತು ಹತ್ತು ಇಪ್ಪತ್ತೆರಡಕ್ಕೆ ಪರದೆ ಬೂದಿ ಬಳಿದಂತಾಯಿತು. ಗೋಡೆ ಇಲ್ಲ, ರಸ್ತೆ ಇಲ್ಲ.

“ಇದೂ ಅಷ್ಟೇನಾ?”

“ಇರು,” ಎಂದ ಮಾಮ. “ಪೂರ್ತಿ ಚಿತ್ರ ಕೆಟ್ಟಿದೆ. ಆದ್ರೆ ಯಾವ್ಯಾವುದು ಅಲುಗಾಡಿತು ಅನ್ನೋ ಲೆಕ್ಕ ಫೈಲಲ್ಲಿ ಚೂರುಚೂರು ಉಳಿದಿರುತ್ತೆ. ಉಳಿದಿಬ್ಬರು ಅದನ್ನ ಎಸೀತಾರೆ. ಮುದುಕ ಎಸೆಯಲ್ಲ. ಅಲುಗಾಡಿದ್ದು ಮಾತ್ರ ಕಾಣುತ್ತೆ, ನೋಡ್ತಿರು.”

ಬೂದಿಯೊಳಗಿಂದ ಗೇಟಿನ ಸರಳುಗಳು ಮೂಡಿದವು. ಅವು ಪಕ್ಕಕ್ಕೆ ಸರಿದವು. ಗೇಟು ಮುಚ್ಚಿಕೊಳ್ಳುತ್ತಿತ್ತು! ಒಂದು ತೋಳು ಅದನ್ನು ಚೂರು ಎತ್ತಿ ತಳ್ಳಿತು. ಆಮೇಲೆ ನೀಲಿ ಕೋಟಿನ ಬೆನ್ನು ದೂರ ಹೋಗಿ ಬೂದಿಯಲ್ಲಿ ಕರಗಿತು.

“ಹಾಕಿದಾಳೆ! ಮಾಮ, ಅಮ್ಮ ಹಾಕಿದಾಳೆ!” ಚೋಟಿ ಕುಣಿದಳು. ಸ್ಟೂಲು ಮಗುಚಿ ಬಿತ್ತು.

ಮಾಮನೂ ನಕ್ಕ. ನಾಲ್ಕು ದಿನದಲ್ಲಿ ಮೊದಲ ಸಲ.

ಅಷ್ಟರಲ್ಲಿ ಪರದೆಯಲ್ಲಿ ಮತ್ತೇನೋ ಅಲುಗಾಡಿತು.

ಹೊರಗಡೆಯಿಂದ ಒಂದು ತೆಳ್ಳಗಿನ ಕೈ ಸರಳಿನ ಸಂದಿಯಲ್ಲಿ ತೂರಿತು. ಎರಡು ಬೆರಳು ಚಿಲಕವನ್ನು ಮೇಲಕ್ಕೆತ್ತಿದವು. ಗೇಟು ತೆರೆಯಿತು. ಗಿಡ್ಡ ಆಕೃತಿಯೊಂದು ಒಳಗೆ ನುಗ್ಗಿತು. ಮುಖ ಇಲ್ಲ, ತಲೆಯಿದ್ದಲ್ಲಿ ಚೌಕಚೌಕ. ಬೆನ್ನಿಗೆ ಬ್ಯಾಗು. ಬ್ಯಾಗು ಎಡಕ್ಕೆ ವಾಲಿ ಜೋತಾಡುತ್ತಿತ್ತು. ಓಡುತ್ತಲೇ ಆ ಆಕೃತಿ ಹಿಂಗೈಯಲ್ಲಿ ಗೇಟನ್ನು ತಳ್ಳಿತು. ಗೇಟು ಹೋಗಿ ಬಡಿದು, ಒಂದಿಷ್ಟು ವಾಪಸ್ ಬಂತು.

ಮಾಮ ವಿಡಿಯೋ ನಿಲ್ಲಿಸಿದ.

ಕಂಪ್ಯೂಟರಿನ ಫ್ಯಾನು ಗೊರಕೆ ಹೊಡೆಯುತ್ತಿತ್ತು. ಚೋಟಿಯ ಬ್ಯಾಗು ಬಾಗಿಲ ಪಕ್ಕ ಮೊಳೆಗೆ ನೇತಾಡುತ್ತಿತ್ತು, ಎಡಕ್ಕೆ ವಾಲಿಕೊಂಡು. ಅದರ ಒಂದು ಪಟ್ಟಿ ಕಿತ್ತಾಗ ಅಮ್ಮ ಹಳೇ ಪ್ಯಾಂಟಿನ ಬಟ್ಟೆ ಹೊಲಿದಿದ್ದಳು. ಆ ಪಟ್ಟಿ ಉದ್ದವಾಗಿಬಿಟ್ಟಿತ್ತು.

ಆ ದಿನ ಜಾಮಿಟ್ರಿ ಬಾಕ್ಸ್ ಮರೆತು ಅರ್ಧ ದಾರಿಯಿಂದ ಮನೆಗೆ ಓಡಿದ್ದಳು ಚೋಟಿ. ವಾಪಸ್ ಬಂದಾಗ ಗೇಟು ಹಾಕಿತ್ತು. ಸರಳಿನ ಸಂದಿಯಲ್ಲಿ ಕೈ ಹಾಕಿ ಚಿಲಕ ಎತ್ತುವುದು ಇಡೀ ಸ್ಕೂಲಿನಲ್ಲಿ ಅವಳಿಗೊಬ್ಬಳಿಗೇ ಬರುತ್ತಿತ್ತು. ಗೇಟಕ್ಕನ ಮಗಳಲ್ಲವೇ? ಒಳಗೆ ಬಂದಳು, ಗೇಟು ತಳ್ಳಿದಳು, ಕ್ಲಾಸಿಗೆ ಓಡಿದಳು. ತಳ್ಳಿದ್ದು ಚೆನ್ನಾಗಿ ನೆನಪಿತ್ತು.

ಟಕ್ ಎಂದದ್ದು? ಎಷ್ಟು ಯೋಚಿಸಿದರೂ ಆ ಸದ್ದು ನೆನಪಿಗೆ ಬರಲಿಲ್ಲ.

“ಮುಖ ಕಾಣ್ತಿಲ್ಲ,” ಎಂದ ಮಾಮ, ಅವಳ ಕಡೆ ನೋಡದೆ. “ಯಾರು ಬೇಕಾದ್ರೂ ಆಗಿರಬಹುದು.”

ಚೋಟಿ ಬಿದ್ದಿದ್ದ ಸ್ಟೂಲನ್ನು ಎತ್ತಿ ನಿಲ್ಲಿಸಿದಳು.

“ಮುದುಕನ್ನ ಬಿಟ್ಟುಬಿಡೋಣ. ಮುಂಗೋಪಿದು ಮಾತ್ರ ತಗೊಂಡು ಹೋಗು. ಹಸಿರು ತೋರಿಸಿದ್ರೆ, ನಿಮ್ಮಮ್ಮಂದೇ ತಪ್ಪು ಅಂತ ಹೇಳೋಕಾಗಲ್ಲ.”

“ತಪ್ಪಿಲ್ಲ ಅಂತಾನೂ ಹೇಳೋಕಾಗಲ್ಲ, ಅಲ್ವಾ?”

ಮಾಮ ಪೆನ್ನು ಕೈಗೆತ್ತಿಕೊಂಡು ನೋಟ್‌ಬುಕ್ ತೆರೆದ. ಏನೂ ಬರೆಯದೆ ಮುಚ್ಚಿದ. “ಇಲ್ಲ,” ಎಂದ.

ಚೋಟಿಗೆ ಆ ದಿನದ ಸಂಜೆ ನೆನಪಾಯಿತು. ಅಮ್ಮ ಅನ್ನಕ್ಕಿಡುತ್ತಾ ಕೇಳಿದ್ದಳು: “ಬೆಳಿಗ್ಗೆ ನೀನು ಎಷ್ಟೊತ್ತಿಗೆ ಒಳಗೆ ಬಂದೆ?” ಬೆಲ್ ಆದ್ಮೇಲೆ ಬಂದೆ, ನಾನೇ ಚಿಲಕ ತೆಗೆದೆ ಎಂದು ಚೋಟಿ ಜಂಬದಿಂದಲೇ ಹೇಳಿದ್ದಳು. ಅಮ್ಮ ಅನ್ನ ತಳ ಹಿಡಿಯುವವರೆಗೂ ಒಲೆಯ ಮುಂದೆ ನಿಂತೇ ಇದ್ದಳು. ಮಾರನೆಯ ದಿನದಿಂದ ಟಕ್‌ನ ಮಾತು ಅವಳ ಬಾಯಲ್ಲಿ ಬರಲಿಲ್ಲ.

“ಮೂರೂ ಹಾಕ್ಕೊಡು ಮಾಮ,” ಎಂದಳು ಚೋಟಿ.

“ಚೋಟಿ—”

“ಮೂರೂ.”

ಪೆನ್ ಡ್ರೈವ್ ಹಿಡಿದು ಸ್ಕೂಲಿಗೆ ಬಂದಾಗ ಮೂರಕ್ಕೆ ಹತ್ತು ನಿಮಿಷವಿತ್ತು. ಹಿಂದೆಯೇ ಬರುತ್ತೇನೆ ಎಂದ ಮಾಮ ಅಂಗಡಿಗೆ ಬೀಗ ಹಾಕುತ್ತಿದ್ದ. ಗೇಟಿನ ಹತ್ತಿರ ಅಮ್ಮನ ಬದಲಿಗೆ ಸ್ಕೂಲಿನ ತೋಟ ನೋಡಿಕೊಳ್ಳುವ ತಾತ ಕುಳಿತಿದ್ದರು. ಅವರಿಗೆ ನೀಲಿ ಕೋಟು ಬಿಗಿಯಾಗಿತ್ತು.

ಚೋಟಿ ಒಳಗೆ ಬಂದು ಹಿಂಗೈಯಲ್ಲಿ ಗೇಟು ತಳ್ಳಿದಳು. ನಾಲ್ಕು ಹೆಜ್ಜೆ ಹೋದವಳು ನಿಂತಳು. ವಾಪಸ್ ಬಂದಳು. ಎರಡೂ ಕೈಯಲ್ಲಿ ಗೇಟನ್ನು ಒಂಚೂರು ಎತ್ತಿ ತಳ್ಳಿದಳು.

ಟಕ್.

ಹೆಡ್ ಮಿಸ್ ರೂಮಿನ ಹೊರಗೆ ಬೆಂಚಿನ ಮೇಲೆ ಅಮ್ಮ ಇದ್ದಳು. ಕೋಟಿಲ್ಲದೆ ಅವಳು ಸಣ್ಣಗೆ ಕಾಣುತ್ತಿದ್ದಳು. ಮಗಳ ಕೈಯಲ್ಲಿದ್ದುದನ್ನು ನೋಡಿದ ಕೂಡಲೇ ಅವಳ ಹುಬ್ಬು ಗಂಟಿಕ್ಕಿತು.

“ಬೇಡ ಅಂದಿರಲಿಲ್ವಾ ನಿಂಗೆ? ಕೊಡಿಲ್ಲಿ ಅದನ್ನ.”

ಚೋಟಿ ಕೊಡಲಿಲ್ಲ. ಪಕ್ಕದಲ್ಲಿ ಕುಳಿತಳು. ಅವಳ ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ.

“ಅಮ್ಮಾ, ನಿಂಗೆ ಮೊದಲೇ ಗೊತ್ತಿತ್ತು, ಅಲ್ವಾ?”

ಅಮ್ಮ ಅವಳ ಕಾಲಿನತ್ತ ನೋಡಿದಳು. “ನಿನ್ನ ಲೇಸ್ ಬಿಚ್ಚಿದೆ, ಕಟ್ಕೋ,” ಎಂದಳು.

ಚೋಟಿ ಬಾಗಿ ಕಟ್ಟಿಕೊಂಡಳು. ಗಂಟು ಎರಡು ಸಲ ಜಾರಿತು.

ಬಾಗಿಲು ತೆರೆಯಿತು. ಒಳಗೆ ಹುಡುಗನ ಅಪ್ಪ ಕುರ್ಚಿಯ ತುದಿಯಲ್ಲಿ ಕುಳಿತಿದ್ದರು. ಅವರ ತೊಡೆಯ ಮೇಲೆ ಆಸ್ಪತ್ರೆಯ ಫೈಲು.

“ಗೇಟಕ್ಕ, ಬನ್ನಿ,” ಎಂದರು ಹೆಡ್ ಮಿಸ್.

ಬೆಂಚಿನಿಂದ ಇಬ್ಬರೂ ಎದ್ದರು.