ಅಂಚಿನ ಕಪ್ಪು ಪಟ್ಟಿ

2004ರ ಮಾರ್ಚ್ 9, ಮಂಗಳವಾರ ಬೆಳಿಗ್ಗೆ ಇಂಡಿ ಪೊಲೀಸ್ ಠಾಣೆಗೆ ಇಬ್ಬರು ಒಂದೇ ದೂರು ಹೊತ್ತು ಬಂದರು. ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಮುಂದಿದ್ದವನು ಬಸ್ ನಿಲ್ದಾಣದ ಹತ್ತಿರ ವಿಡಿಯೊ ಸ್ಟುಡಿಯೊ ನಡೆಸುವ ಶ್ರೀಶೈಲಪ್ಪ. ಹಿಂದೆ ಸೆರಗು ಹೊದ್ದು ನಿಂತವಳು ತಾಂಬಾದ ಕಾಶಿಬಾಯಿ. ಅವಳ ಗಂಡ ಕಾಳಪ್ಪ ಡೊಳ್ಳಿನ ಹಾಡಿನಲ್ಲಿ ಹೆಸರಾದವನು. ಜನವರಿಯಲ್ಲಿ ಅವನು ರಾತ್ರಿಯಿಡೀ ಹಾಡಿದ್ದನ್ನು ಶ್ರೀಶೈಲಪ್ಪ ಚಿತ್ರೀಕರಿಸಿದ್ದ. ತಿಂಗಳು ತುಂಬುವುದರೊಳಗೆ ಕಾಳಪ್ಪ ಶಿವನ ಪಾದ ಸೇರಿದ.

ಪಿಎಸ್‌ಐ ಸಂಗಮೇಶ ಕುರ್ಚಿ ತೋರಿಸಿ ಕೇಳಿದರು. "ಏನು ಹೋಗೈತಿ?"

"ರಾತ್ರಿ ಹಿಂಬಾಗಿಲ ಕೀಲಿ ಮುರದು ಎರಡು ಕ್ಯಾಸೆಟ್ ಒಯ್ದಾರ್ರಿ. ಕಾಳಪ್ಪನ ಹಾಡಿನವು," ಎಂದ ಶ್ರೀಶೈಲಪ್ಪ.

"ಕ್ಯಾಮೆರಾ?"

"ಐತ್ರಿ."

"ಕಂಪ್ಯೂಟರ್?"

"ಅದೂ ಐತ್ರಿ."

"ಕೀಲಿ ಮುರದಾಂವ ಅವನ್ನೆಲ್ಲಾ ಬಿಟ್ಟು ಎರಡು ಕ್ಯಾಸೆಟ್ ಒಯ್ದ?"

ಕಾಶಿಬಾಯಿ ತಡೆದುಕೊಳ್ಳಲಿಲ್ಲ. "ಕಳ್ಳನೂ ಇಲ್ಲ ಏನೂ ಇಲ್ರಿ ಸಾಹೇಬ್ರ. ಇಂವನ ಅಳಿಸ್ಯಾನ. ಅದರ ಮ್ಯಾಲ ಯಾರದೋ ಮದುವಿ ಹಿಡದಾನ."

"ದೇವರಾಣಿ ಇಲ್ಲ, ಕಾಶಕ್ಕ."

"ನಮ್ಮ ಮನ್ಯಾಗ ಅವರದೊಂದು ಫೋಟೋನೂ ಇಲ್ರಿ. ಅವರು ನಗೋದು, ಹಾಡೋದು, ಕೈ ಎತ್ತೋದು ಎಲ್ಲಾ ಅದರಾಗ ಐತಿ. ಒಮ್ಮೆ ಕಣ್ಣಿಲೆ ನೋಡಿದ್ರ ಸಾಕಿತ್ತು."

ರಾತ್ರಿ ಕನ್ನ, ಕಳವು ಎಂದು ಕಲಂ 457 ಮತ್ತು 380ರ ಅಡಿ ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನ ಇಬ್ಬರು ಪಂಚರ ಸಮಕ್ಷಮ ಸ್ಥಳ ಪಂಚನಾಮೆ ಮಾಡಿದರು. ಹಿಂಬಾಗಿಲಿನ ಕೀಲಿ ಮುರಿದಿತ್ತು. ಕಪಾಟಿನಲ್ಲಿ ಐವತ್ತಕ್ಕೂ ಹೆಚ್ಚು ಕ್ಯಾಸೆಟ್ ಸಾಲಾಗಿದ್ದವು. ಎರಡರ ಜಾಗ ಮಾತ್ರ ಖಾಲಿ. ಬಂದವನಿಗೆ ಬೇಕಾದದ್ದು ಏನೆಂದು ಗೊತ್ತಿತ್ತು. ಕಾಳಪ್ಪನಿಗೆ ಎದುರಾಗಿ ಹಾಡುತ್ತಿದ್ದ ಮೇಳದವರ ಮೇಲೆ ಸಂಶಯ ಬಂದು ವಿಚಾರಿಸಿದರೆ, ಅವರು ಆ ರಾತ್ರಿ ಮುದ್ದೇಬಿಹಾಳದ ಕಡೆ ಹಾಡಿಗೆ ಹೋಗಿದ್ದರು. ಸಾಕ್ಷಿಗಳೂ ಸಿಕ್ಕರು.

ಮುಂದೆ ದಾರಿ ಕಾಣಲಿಲ್ಲ. ಕಾಶಿಬಾಯಿ ದಿನಾ ತಾಂಬಾದಿಂದ ಟೆಂಪೊ ಹತ್ತಿ ಬಂದು, ಠಾಣೆಯ ಕಟ್ಟೆಯ ಮೇಲೆ ಕುಳಿತು ಹೋಗುತ್ತಿದ್ದಳು.

ಮಾರ್ಚ್ 22ರಂದು, ಯುಗಾದಿಯ ಮರುದಿನ, ತಾಂಬಾದ ಬೀರಪ್ಪನ ಗುಡಿಯ ಪೂಜಾರಿ ಸೋಮನಿಂಗ ಟವೆಲಿನಲ್ಲಿ ಸುತ್ತಿದ ಎರಡು ವಿಸಿಡಿ ಡಿಸ್ಕ್ ಠಾಣೆಗೆ ತಂದ. ಮೇಲೆ ಭಂಡಾರದ ಹಳದಿ ಹತ್ತಿತ್ತು.

"ಅಮಾಸಿ ದಿನ ಗದ್ದಿಗಿ ಮ್ಯಾಲ ಕಾಯಿ ಜೋಡಿ ಇದ್ದೂರಿ. ಯಾರು ಇಟ್ಟಾರೋ ನೋಡಿಲ್ಲ. ಮಗನ ಮನ್ಯಾಗ ಹಾಕಿ ನೋಡಿದ್ರ ನಮ್ಮ ಕಾಳಪ್ಪ!"

ಹೊಲದ ಮೊದಲ ತೆನೆಯಾಗಲಿ, ಕುರಿಯ ಮೊದಲ ಉಣ್ಣೆಯಾಗಲಿ, ಅಲ್ಲಿಯ ಹಾಲುಮತದ ಕುರುಬರು ಗದ್ದಿಗೆಗೆ ಮುಟ್ಟಿಸದೆ ಮನೆಗೆ ಒಯ್ಯುವುದಿಲ್ಲ. ಹಾಗಾದರೆ ಇದು ಮೊದಲ ಪ್ರತಿ; ಮಾಡಿದವನು ಆ ನಡಾವಳಿಯವನು. ಸಂಗಮೇಶ ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು, ಹೆಡ್ ಕಾನ್‌ಸ್ಟೆಬಲ್ ಫಕ್ರುದ್ದೀನನನ್ನು ಕರೆದುಕೊಂಡು ಸ್ಟುಡಿಯೊಗೆ ಹೋದರು.

ಟಿವಿಯಲ್ಲಿ ಚಿತ್ರ ನೋಡಿ ಶ್ರೀಶೈಲಪ್ಪ ಹುಬ್ಬು ಗಂಟಿಕ್ಕಿದ. "ಆರು ತಾಸಿಂದು ಎರಡೇ ಡಿಸ್ಕಿನ್ಯಾಗ ಹಿಡಿಸ್ಯಾನ್ರಿ. ನಾವು ಒಂದು ಡಿಸ್ಕಿಗೆ ತಾಸು, ಸವಾ ತಾಸು ಹಾಕತೇವಿ. ಅದಕ್ಕೂ ಹೆಚ್ಚು ತುರುಕಿದ್ರ ಮಾರಿ ಚೂರುಚೂರು ಆಗತೈತಿ. ಇದು ಆಗಿಲ್ಲ."

"ಹ್ಯಾಂಗ ಮಾಡ್ಯಾನು?"

ಡಿಸ್ಕನ್ನು ಕಂಪ್ಯೂಟರಿಗೆ ಹಾಕಿದಾಗ ಚಿತ್ರದ ಸುತ್ತ, ನಾಲ್ಕೂ ಕಡೆ, ಬೆರಳಗಲದ ಕಪ್ಪು ಪಟ್ಟಿ ಕಂಡಿತು. ಟಿವಿಯಲ್ಲಿ ಅದು ಇರಲಿಲ್ಲ.

"ಟಿವಿ ಅಂಚು ನುಂಗತೈತ್ರಿ," ಎಂದ ಶ್ರೀಶೈಲಪ್ಪ. "ಕಾಣದ ಅಂಚನ್ನ ಕಪ್ಪು ಮಾಡಿ, ಡಿಸ್ಕಿನ್ಯಾಗ ಉಳಿದ ಜಾಗಾನ ಮಾರಿಗೆ ಕೊಟ್ಟಾನ. ಇಂಡ್ಯಾಗ ಯಾರೂ ಹಿಂಗ ಮಾಡಂಗಿಲ್ರಿ."

ಇಂಡಿಯಲ್ಲಿ ಇಲ್ಲದಿದ್ದರೆ ಸುತ್ತಲೂ ಹುಡುಕಬೇಕು. ಸಿಂದಗಿ, ಬಸವನ ಬಾಗೇವಾಡಿ, ಆಲಮೇಲಗಳಲ್ಲಿ ಮದುವೆ ಡಿಸ್ಕ್ ಮಾಡುವವರ ಕೆಲಸ ಒಂದೊಂದು ತರಿಸಿ, ಠಾಣೆಯ ಕಂಪ್ಯೂಟರಿನಲ್ಲಿ ನೋಡುವ ಕೆಲಸ ಫಕ್ರುದ್ದೀನನಿಗೆ ಬಿತ್ತು. ಮೂರನೆಯ ದಿನ ಅವನು ಕಣ್ಣುಜ್ಜಿಕೊಳ್ಳುತ್ತ ಬಂದ.

"ಊರೂರ ಮದುವಿಗೆ ಹೋಗಿ ಬಂದೆ ಸಾಹೇಬ್ರ. ಒಂದರಾಗೂ ಊಟ ಹಾಕ್ಲಿಲ್ಲ."

"ಪಟ್ಟಿ ಸಿಕ್ತೋ ಇಲ್ಲೋ?"

"ಸಿಕ್ತ್ರಿ. ಆಲಮೇಲದ್ದು. ಕಾಂತು ಅಂತ, ಕಂಪ್ಯೂಟರ್ ಅಂಗಡಿಯಾಂವ. ಇನ್ನೊಂದು ಮಾತು ಐತ್ರಿ. ಕಾಳಪ್ಪನ ಮೇಳದಾಗ ಹಿಂದ ನಿಂತು ದನಿ ಕೊಡಾಂವ ಅಂವನ."

ಮಾರ್ಚ್ 26, ಶುಕ್ರವಾರ ಮಧ್ಯಾಹ್ನ ಇಬ್ಬರೂ ಆಲಮೇಲಕ್ಕೆ ಹೋದರು. ಅಂಗಡಿ ಸಣ್ಣದು. ಸಂಗಮೇಶ ಡಿಸ್ಕನ್ನು ಮೇಜಿನ ಮೇಲಿಟ್ಟರು.

"ಇದು ಯಾರ ಕೈಕೆಲಸ?"

ಕಾಂತು ಭಂಡಾರದ ಕಲೆ ನೋಡಿದ. "ನಂದ್ರಿ."

"ಕ್ಯಾಸೆಟ್?"

"ಅವೂ ನನ್ನ ಹಂತೇಕ ಅದಾವ."

ಒಳಗಿನ ಟ್ರಂಕಿನಲ್ಲಿ ಕಂಬಳಿ ಸುತ್ತಿದ ಎರಡು ಕ್ಯಾಸೆಟ್ ಸಿಕ್ಕವು. ಜಪ್ತಿ ಪಂಚನಾಮೆ ಬರೆಯುವಾಗ ಸಂಗಮೇಶ ಕೇಳಿದರು. "ಕದಿಯೋದು ಯಾಕ? ಕೇಳಬೇಕಿತ್ತು."

"ಕೇಳಿದ್ನಿರಿ, ಎರಡು ಸಲ. ಶ್ರೀಶೈಲಪ್ಪಣ್ಣ ಎರಡೂವರಿ ತಾಸು ಇಟಗೊಂಡು ಉಳಿದದ್ದು ಒಗೀತೇನಿ ಅಂದ. ಐದು ಡಿಸ್ಕ್ ಯಾರು ತಗೋತಾರ ಅಂತ ನಕ್ಕ. ಗುರುವಾರ ಆ ಕ್ಯಾಸೆಟ್ ಮ್ಯಾಲ ಮದುವಿ ಹಿಡಿಯಾಂವ ಇದ್ದ."

"ಎರಡೂವರಿ ತಾಸು ಸಾಲದ?"

ಕಾಂತು ಮೊದಲ ಸಲ ತಲೆ ಎತ್ತಿದ. "ಸಾಹೇಬ್ರ, ರಾತ್ರಿ ಹಾಡಿಗೆ ನಿಂತಾಂವ ಬೆಳಗಿನ್ಯಾಗ ಮಂಗಳ ಹಾಡಿದ ಮ್ಯಾಲನ ಡೊಳ್ಳು ಇಳಿಸಬೇಕು. ನಡುವ ಇಳಿಸಿದ್ರ ಗುರುವಿಗೆ ಮಾಡಿದ ಅಪಚಾರ. ಶ್ರೀಶೈಲಪ್ಪಣ್ಣ ಮಂಗಳಾನ ಕತ್ತರಸಾಂವ ಇದ್ದ, ಅದರಾಗ ನಮ್ಮ ಗುರು ಕಾಳಪ್ಪ ಕೆಮ್ಮತಾನ ಅಂತ. ಅಂವ ಜೀವ ಹಿಡಕೊಂಡು ಮುಗಿಸಿದ ಹಾಡು ಅದು. ಮುಗಿಸಿಲ್ಲ ಅಂತ ಊರೂರಿಗೆ ತೋರಸೋದು?"

ಫಕ್ರುದ್ದೀನ ಬರೆಯುವುದನ್ನು ನಿಲ್ಲಿಸಿದ್ದ.

"ಮೊದಲ ಸಲ ಡಿಸ್ಕಿಗೆ ಹಾಕಿದಾಗ ಗುರುವಿನ ಮಾರಿ ಫರಸಿ ಕಲ್ಲಿನಂಗ ಚೌಕ ಚೌಕ ಆತ್ರಿ," ಎಂದು ಕಾಂತು ತಾನಾಗಿಯೇ ಮುಂದುವರಿಸಿದ. "ದನಿ ತೆಳ್ಳಗ ಮಾಡಿದ್ರ ಜಾಗ ಸಿಗತಿತ್ತು, ಮನಸ್ಸು ಬರಲಿಲ್ಲ. ಕತ್ತಲಾಗ ಕಾಣೋ ಕಾಳುಕಾಳು ಚುಕ್ಕಿ ಒರಸಿದೆ. ಸುಮ್ಮನ ನಿಂತಲ್ಲಿ ಜಾಗ ಕಡಿಮಿ ಕೊಟ್ಟೆ, ಕುಣಿಯೋ ಮುಂದ ಹೆಚ್ಚು ಕೊಟ್ಟೆ. ಒಂದು ಸಲ ಮಾಡಾಕ ಒಂದು ದಿನ ಹಿಡಿತೈತ್ರಿ. ಕಡೀಕ ಹೊಂದಿತು."

"ಆ ಹೆಣ್ಮಗಳಿಗೆ ಯಾಕ ಹೇಳಲಿಲ್ಲ? ದಿನಾ ಠಾಣೆಗೆ ಬಂದು ಕುಂದರತಾಳ."

ಕಾಂತು ಟ್ರಂಕಿನ ಮುಚ್ಚಳ ಮುಚ್ಚಿದ. "ಬೀರಪ್ಪನ ಪಾದಕ್ಕ ಮುಟ್ಟಿಸಿ, ಆಮ್ಯಾಲ ಕಾಶಿ ಕಾಕಿಗೆ ಒಯ್ಯೋದಿತ್ತು. ಗುಡಿಯಿಂದ ಮನೀತನಕಾ ಹೋದೆ. ಬಾಗಿಲದಾಗ ಕುಂತಿದ್ಲು. ಕಳ್ಳತನದ್ದು ಅಂತ ಹ್ಯಾಂಗ ಕೈಯಾಗ ಕೊಡಲಿ ಅನ್ನಿಸಿ ತಿರುಗಿ ಬಂದೆ."

ಸಂಜೆ ನಾಲ್ಕಕ್ಕೆ ದಸ್ತಗಿರಿ ತೋರಿಸಿ ಕಾಂತುವನ್ನು ಇಂಡಿಗೆ ತಂದರು.

ಮರುದಿನ ಬೆಳಿಗ್ಗೆ ಗುರುತು ಹಿಡಿಯಲು ಕಾಶಿಬಾಯಿಯನ್ನು ಕರೆಸಿ, ಎರಡನೆಯ ಡಿಸ್ಕನ್ನು ಠಾಣೆಯಲ್ಲಿ ಹಾಕಿದರು. ಗುರುತಿಗೆ ಐದು ನಿಮಿಷ ಸಾಕಾಗಿತ್ತು. "ನನ್ನ ಗಂಡ," ಎಂದು ಹೇಳಿ ಹೆಬ್ಬೆರಳು ಒತ್ತಿದಳು. ಪಂಚರು ಏಳಲು ನೋಡಿದರು. ಅವಳು ಏಳಲಿಲ್ಲ. ಸಂಗಮೇಶ ಟಿವಿ ಆರಿಸಬೇಡಿರೆಂದು ಕೈ ಮಾಡಿ ಹೊರಗೆ ಹೋದರು.

ಸೆರೆಕೋಣೆಯವರೆಗೆ ಡೊಳ್ಳು ಕೇಳುತ್ತಿತ್ತು. ಅದು ನಿಂತ ಮೇಲೆ, ನ್ಯಾಯಾಧೀಶರ ಮುಂದೆ ಹಾಜರುಪಡಿಸಲು ಫಕ್ರುದ್ದೀನ ಬಾಗಿಲು ತೆಗೆದ. ಕಾಂತು ಕೇಳಿದ್ದು ಒಂದೇ ಮಾತು.

"ಕಾಕಿ ನಡುವ ಎದ್ದು ಹೋದ್ಲೇನ್ರಿ?"

"ಮಂಗಳ ಹಾಡೋ ಮುಂದ ಎದ್ದು ನಿಂತ್ಳು," ಎಂದ ಫಕ್ರುದ್ದೀನ. "ಕೈ ಮುಗದು, ಮುಗಿಯೋತನಕಾ ನಿಂತಿದ್ಲು. ನಡಿ."